ಸಪ್ಪಳ ಎಣಿಸುವ ಹಮೀದಾಬಿ

ಹಮೀದಾಬಿಯವರನ್ನು ನಾನು ಮೊದಲು ಕಂಡದ್ದು ಮೇಲಿನಿಂದ. ಹಾಗೆ ಕಾಣಬಾರದಾಗಿತ್ತು.

1976ರ ಜೂನ್ ತಿಂಗಳು. ತೆಂಗಳಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಶಹಾಬಾದಿಗೆ ಬಂದು ಎರಡು ದಿನವಾಗಿತ್ತು. ಶಾಲೆಯಲ್ಲಿ ಹೊಸ ನೌಕರಿ. ಹಳೇ ಊರಿನ ಬುರುಜಿನ ಓಣಿಯಲ್ಲಿ ದೇವಿಂದ್ರಪ್ಪನವರ ಮನೆಯ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಸಂಜೆ ಐದರ ಸುಮಾರಿಗೆ ಒಗೆದ ಧೋತರವನ್ನು ಹೆಗಲ ಮೇಲೆ ಹಾಕಿಕೊಂಡು ಕಲ್ಲಿನ ಮೆಟ್ಟಿಲು ಏರಿ ಮಾಳಿಗೆಗೆ ಹೋದೆ. ಆ ಓಣಿಯ ಮಾಳಿಗೆಗಳೆಲ್ಲ ಸಪಾಟು, ಒಂದಕ್ಕೊಂದು ಹತ್ತಿಕೊಂಡಿವೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಮೊಣಕಾಲೆತ್ತರದ ಕಟ್ಟೆ ದಾಟಿದರೆ ಪಕ್ಕದವರ ಮಾಳಿಗೆ. ಮಾಳಿಗೆಗೆ ಹಾಸಿದ ಫರಸಿ ಕಲ್ಲು ಇನ್ನೂ ಸುಡುತ್ತಿತ್ತು. ನಾನು ಧೋತರ ಹರವಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಇಡುತ್ತ ಬಗ್ಗಿದೆ. ಕೆಳಗೆ ಪಕ್ಕದ ಮನೆಯ ಅಂಗಳ ಕಂಡಿತು. ಅಂಗಳದ ತುಂಬ ಹಳೆಯ ಸೀರೆಗಳ ಬಣ್ಣಬಣ್ಣದ ತುಂಡುಗಳನ್ನು ಹಾಸಿ, ಒಬ್ಬ ಹೆಣ್ಣುಮಗಳು ಕೌದಿ ಹೊಲಿಯುತ್ತ ಕುಳಿತಿದ್ದರು. ಐವತ್ತರ ಆಸುಪಾಸು. ಸೆರಗು ಹೆಗಲಿಗೆ ಜಾರಿತ್ತು, ಬಾಯಲ್ಲಿ ದಾರದ ಎಳೆ ಇತ್ತು, ಎಡಗೈ ಬೆರಳಿಗೆ ಚಿಂದಿ ಸುತ್ತಿದ್ದರು. ನನ್ನ ನೆರಳು ಕೌದಿಯ ಮೇಲೆ ಬಿತ್ತು.

ಅವರು ತಲೆ ಎತ್ತಿದವರೇ ಬೆಚ್ಚಿ, ಸೂಜಿ ಕೆಳಗೆ ಬಿಟ್ಟು ಮುಖದ ತುಂಬ ಸೆರಗೆಳೆದುಕೊಂಡರು. ಸೆರಗಿನೊಳಗಿಂದಲೇ ದನಿ ಬಂತು.

"ಯಾರವ್ರು ಮ್ಯಾಲ? ಬಾಯಿಲ್ಲೇನು?"

"ಧೋತರ ಒಣಗಸಾಕ ಬಂದೀನ್ರಿ" ಎಂದೆ.

"ಧೋತರಕ್ಕ ಬಾಯಿಲ್ಲ, ಖರೆ. ನಿಮಗೂ ಇಲ್ಲೇನು? ಏ ಗುರುದೇವಿ, ಹೊಸಾ ಮಾಸ್ತರ ಬಿ.ಎ. ಅಂತಿದ್ದೆಲ್ಲ, ಕಾಲೇಜಿನ್ಯಾಗ ಕೂಗಾಕ ಕಲಿಸಿಲ್ಲೇನು?"

ದೇವಿಂದ್ರಪ್ಪನವರ ಹೆಂಡತಿ ಗುರುದೇವಿ ನಗುತ್ತ ಮೆಟ್ಟಿಲ ಬುಡಕ್ಕೆ ಬಂದು ನನ್ನನ್ನು ಕೆಳಗಿಳಿಸಿದರು. ಆ ಓಣಿಯ ಕಟ್ಟಳೆ ಆಗ ತಿಳಿಯಿತು. ಗಂಡಸಾದವನು ಮಾಳಿಗೆ ಏರುವ ಮುಂಚೆ ಮೊದಲ ಮೆಟ್ಟಿಲ ಕೆಳಗೆ ನಿಂತು, "ಮಾಳಗಿ ಏರ್ತೀನ್ರೀ" ಎಂದು ಮೂರು ಸಲ ಕೂಗಬೇಕು. ಅಂಗಳಗಳಲ್ಲಿ ಮೀಯುವವರು, ತಲೆ ಬಾಚಿಕೊಳ್ಳುವವರು, ಬಾಣಂತಿಯರು ಇರುತ್ತಾರೆ. ಅವರು ಸಾವರಿಸಿಕೊಂಡು "ಬರ್ರಿ" ಅಂದಮೇಲೆ ಕಾಲಿಡಬೇಕು. ಹಿಂದೂ ಮನೆ, ಮುಸಲ್ಮಾನರ ಮನೆ ಎಂಬ ಭೇದವಿಲ್ಲದೆ ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಎಷ್ಟು ತಲೆಮಾರಿನಿಂದ ಎಂದು ಹೇಳುವವರು ಯಾರೂ ಇರಲಿಲ್ಲ.

ಮರುದಿನ ತಪ್ಪೊಪ್ಪಿಕೊಳ್ಳಲು ಅವರ ಮನೆಗೆ ಹೋದೆ. ಬಾಗಿಲಲ್ಲೇ ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ.

"ನಿಂದರ್ರಿ ಮಾಸ್ತರ, ಕೌದಿ ದಾಟಬ್ಯಾಡ್ರಿ! ಹೊಲಿಗಿ ಮುಗಿದಿಲ್ಲ."

ಮುಗಿಯದ ಕೌದಿಯನ್ನು ಯಾರೂ ದಾಟುವುದಿಲ್ಲ. ದಾಟಿದರೆ ಅದನ್ನು ಹೊದೆಯುವ ಕೂಸಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ. ನಾನು ಗೋಡೆಗೆ ಅಂಟಿಕೊಂಡು ಸುತ್ತಿ ಹೋಗಿ ಕುಳಿತೆ. ಚಹಾ ಕೊಟ್ಟರು. ಆಗ ದೂರದ ಖಣಿಯಿಂದ, ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸಿದ ಸಪ್ಪಳಗಳು ಬಂದವು. ಹಮೀದಾಬಿ ಸೂಜಿ ನಿಲ್ಲಿಸಿದರು. ತುಟಿ ಅಲುಗುತ್ತಿದ್ದವು. ಸಪ್ಪಳ ನಿಂತ ಮೇಲೆ "ಒಂಬತ್ತು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಮತ್ತೆ ಹೊಲಿಯತೊಡಗಿದರು.

ಅವರ ಗಂಡ ಮಶಾಕ, ವಾಡಿ ಊರಿನ ಕಡೆ ಒಂದು ಸುಣ್ಣದ ಕಲ್ಲಿನ ಖಣಿಯಲ್ಲಿ ಮದ್ದು ತುಂಬುವ ಕೆಲಸ ಮಾಡುತ್ತಿದ್ದ. 1961ರಲ್ಲಿ ಅಲ್ಲಿಯೇ ಸತ್ತ. ಇಷ್ಟನ್ನು ಗುರುದೇವಿ ಹೇಳಿದ್ದರು. ಫರಸಿ ಖಣಿಯಲ್ಲಿ ಹಾರೆ, ಬೆಣೆ ಸಾಕು. ಕಲ್ಲು ಪದರಪದರವಾಗಿ ಏಳುತ್ತದೆ. ಸುಣ್ಣದ ಕಲ್ಲಿಗೆ ಮಾತ್ರ ಮದ್ದು ಬೇಕು. ಬಂಡೆಗೆ ತೂತು ಕೊರೆದು ಕರಿಮದ್ದು ತುಂಬಿ ಬತ್ತಿ ಇಡುತ್ತಾರೆ. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದವಾಗಿ ಬಿಡುತ್ತಾರೆ. ಸಪ್ಪಳಗಳು ಒಂದಾದಮೇಲೆ ಒಂದು ಬಂದು ಎಣಿಸಲು ಸಿಗಬೇಕು. ಏಳು ತೂತಿಗೆ ಏಳು ಸಪ್ಪಳ ಬಂದರೆ ಒಳಗೆ ಇಳಿಯಬಹುದು. ಒಂದು ಕಡಿಮೆ ಬಿದ್ದರೆ ಮರುದಿನದ ತನಕ ಯಾರೂ ಹತ್ತಿರ ಸುಳಿಯಬಾರದು. ಆಮೇಲೆ ನೀರು ಹೊಯ್ದು ಮದ್ದನ್ನು ಕೊಲ್ಲಬೇಕು. ಮಶಾಕ ಇಳಿದ ದಿನ ಎಣಿಕೆ ತಪ್ಪಿತ್ತು.

ಮುಂದಿನ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಓಣಿಯ ನಡುವೆ ಹಾಳುಬಿದ್ದಿದ್ದ ಹಳೆಯ ದೊಡ್ಡ ಮನೆ, ವಾಡೆಯನ್ನು ಅಂಬಾರಾಯ ಎಂಬ ಬಟ್ಟೆ ವ್ಯಾಪಾರಿ ಕೊಂಡರು. ಅದನ್ನು ಕೆಡವಿ ನಾಲ್ಕು ಅಂತಸ್ತಿನ ಲಾಡ್ಜು ಕಟ್ಟುತ್ತಾರೆಂದು ಸುದ್ದಿ ಬಂತು. ನಮ್ಮ ಓಣಿಯಲ್ಲಿ ಒಂದು ಮಾಳಿಗೆಗಿಂತ ಎತ್ತರದ್ದು ಬುರುಜು ಒಂದೇ. ಅದರ ಮೇಲೂ ಪಾರಿವಾಳ ಬಿಟ್ಟರೆ ಯಾರೂ ಹತ್ತುತ್ತಿರಲಿಲ್ಲ. ದೇವಿಂದ್ರಪ್ಪನವರ ಕಟ್ಟೆಯ ಮೇಲೆ ಓಣಿಯವರೆಲ್ಲ ಸೇರಿದರು. ಹೆಂಗಸರು ಬಾಗಿಲ ಹಿಂದೆ ನಿಂತರು.

"ನಾಕನೇ ಮಜಲಾದ ಮ್ಯಾಲ ನಿಂತಾವ ಎಷ್ಟು ಅಂಗಳಕ್ಕಂತ ಕೂಗ್ತಾನ?" ಎಂದರು ದೇವಿಂದ್ರಪ್ಪ.

"ಲಾಡ್ಜಿನ್ಯಾಗ ಇಳ್ಯಾವ್ರು ಹೈದ್ರಾಬಾದ್, ಸೊಲ್ಲಾಪುರದವ್ರು. ಅವ್ರಿಗೇನ್ ಗೊತ್ತು ನಮ್ಮ ಕೂಗು" ಎಂದ ಮೂಲೆಮನೆಯ ಬಂದೇಅಲಿ. "ಕೂಗಿದ್ರ ಛಾ ತರ್ರಿ ಅಂತ ಕೂಗ್ತಾರ."

ಎಲ್ಲರೂ ನಕ್ಕರು. ಆದರೆ ನಗು ಬೇಗ ನಿಂತಿತು. ಗೋಡೆಗಳೆಲ್ಲ ಮಣ್ಣಿನಲ್ಲಿ ಕೂಡಿಸಿದ ಕಲ್ಲು. ಒಂದು ಮನೆ ಅಲುಗಿದರೆ ಹತ್ತು ಮನೆ ಅಲುಗುತ್ತವೆ. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಅರ್ಜಿ ಚೆನ್ನಾಗಿರಬೇಕೆಂದು ಮೂರು ಸಲ ತಿದ್ದಿದೆ. ಹೆಬ್ಬೆಟ್ಟು ಒತ್ತುವಾಗ ಹಮೀದಾಬಿ ಬಾಗಿಲ ಹಿಂದಿನಿಂದ ಹೇಳಿದರು.

"ಮಾಸ್ತರ, ನಂದೊಂದು ಮಾತು ಬರೀರಿ. ಕೆಳಗ ಬಂಡಿಗಲ್ಲು ಐತಿ. ನಾಕು ಮಜಲಾ ಹೊರಬೇಕಂದ್ರ ಪಾಯ ಆಳ ಹೋಗಬೇಕು. ಮದ್ದು ಹಾಕ್ದ ಹೊರತು ಆ ಕಲ್ಲು ಏಳಂಗಿಲ್ಲ. ನನಗ ಅದರದ್ದು ಹೆದರಿಕಿ."

ಬರೆಯುತ್ತೇನೆಂದೆ. ಬರೆದೂ ಇದ್ದೆ. ಕೊನೆಯ ಪ್ರತಿ ತೆಗೆಯುವಾಗ ಬಿಟ್ಟೆ. ಮನೆಗಳ ನಡುವೆ ಯಾರು ಸುರಂಗ ಹಾರಿಸುತ್ತಾರೆ, ಒಬ್ಬ ಹೆಂಗಸಿನ ಹೆದರಿಕೆಯನ್ನು ಸೇರಿಸಿದರೆ ಅರ್ಜಿಯ ತೂಕ ಕಡಿಮೆಯಾದೀತು ಎಂದುಕೊಂಡೆ. ಓಣಿಯ ಹಳೆತನ, ಪರ್ದಾ, ಬಾವಿಯ ನೀರು, ಗಾಳಿ ಬೆಳಕು ಎಲ್ಲ ಅದರಲ್ಲಿತ್ತು. ಸರ್ಕಾರಿ ಸಾಹೇಬರೊಬ್ಬರು ಬಂದು ನೋಡಿದರು. ಎರಡು ಅಂತಸ್ತಿಗೆ ಅಪ್ಪಣೆ ಸಿಕ್ಕಿದೆ, ನಾಲ್ಕರ ಬಗ್ಗೆ ವಿಚಾರಣೆ ಆಗಲಿ, ಅಲ್ಲಿಯ ತನಕ ಪಾಯ ತೋಡಿಕೊಳ್ಳಲಿ ಎಂದು ಹೇಳಿ ಹೋದರು. ಅರ್ಜಿಯಲ್ಲಿ ಮದ್ದಿನ ಮಾತೇ ಇರಲಿಲ್ಲ, ಅವರು ಅದನ್ನು ಕೇಳಲೂ ಇಲ್ಲ.

ಜನವರಿಯ ಒಂದು ಮುಂಜಾನೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ, ನೆಲ ಕೆಳಗಿನಿಂದ ಒದ್ದಂತಾಯಿತು. ಸಪ್ಪಳ ಆಮೇಲೆ ಬಂತು. ಗೋಡೆಯ ಮಾಡದಲ್ಲಿದ್ದ ದೀಪ ಬಿದ್ದು ಒಡೆಯಿತು. ಮಾಳಿಗೆಯಿಂದ ಮಣ್ಣು ಸುರಿದು ಗುರುದೇವಿಯ ಹಿಟ್ಟಿನ ಪರಾತದ ತುಂಬ ಬಿತ್ತು. ಬುರುಜಿನ ಪಾರಿವಾಳಗಳು ಎದ್ದವು, ಸಂಜೆಯ ತನಕ ಇಳಿಯಲಿಲ್ಲ. ನಾವು ಓಡಿ ಹೋಗಿ ನೋಡಿದರೆ ಹಮೀದಾಬಿ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ಮೂಲೆಯಲ್ಲಿ ಮುದುಡಿ ಕುಳಿತಿದ್ದರು. ನಮಗೂ ಅವರಿಗೂ ಸೇರಿದ ಗೋಡೆಯಲ್ಲಿ ಮೇಲಿನಿಂದ ಕೆಳತನಕ ಒಂದು ಬಿರುಕು. ಅದರಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು.

ಆ ದಿನ ಅವರು ಬುರ್ಖಾ ಹಾಕಿಕೊಂಡು ಪಾಯದ ಗುಂಡಿಯ ತನಕ ನಡೆದು ಹೋದರು. ಗುರುದೇವಿ ತೋಳು ಹಿಡಿದಿದ್ದರು. ಅಲ್ಲಿ ಸುರಂಗದ ಮೇಸ್ತ್ರಿ ನಾಮದೇವ, ಹಮೀದಾಬಿಯವರ ದನಿ ಕೇಳಿ ತಲೆಯ ಟವೆಲು ಬಿಚ್ಚಿದ. ಅವನು ಮಶಾಕನ ಕೈಕೆಳಗೆ ಕೆಲಸ ಕಲಿತವನು.

"ಭಾಬಿ, ನೀವು ಇದೇ ಓಣ್ಯಾಗ ಇರೂದು ನನಗ ಗೊತ್ತಿದ್ದಿಲ್ಲ."

"ಗೊತ್ತಿದ್ರ ಏನ್ ಮಾಡ್ತಿದ್ದಿ, ಹೂವ ಹಾರಸ್ತಿದ್ದೇನು? ಖಣ್ಯಾಗಾದ್ರ ಕೆಂಪು ಬಾವುಟ ಹಿಡದು ಕೂಗ್ತಿದ್ರಿ. ಇಲ್ಲಿ ಮನಷ್ಯಾರು ಇರಾಂಗಿಲ್ಲೇನು?"

ಅಂದಿನಿಂದ ನಾಮದೇವ ಬತ್ತಿ ಹಚ್ಚುವ ಮೊದಲು ಓಣಿಯ ಎರಡೂ ತುದಿಗೆ ನಡೆದು, ತೂತು ಎಷ್ಟು ಎಂಬುದನ್ನೂ ಸೇರಿಸಿ ಕೂಗುತ್ತಿದ್ದ. "ಸುರಂಗ ಐತ್ರೀ, ಐದು!" "ಸುರಂಗ ಐತ್ರೀ, ಆರು!" ಕೂಗು ಬಂದೊಡನೆ ಹೆಂಗಸರು ಒಲೆ ಆರಿಸಿ, ಕೂಸುಗಳನ್ನು ಎತ್ತಿಕೊಂಡು, ಎದುರುಮನೆಯ ಹಸೀನಾಬೇಗಂ ಅವರ ಎಂಬತ್ತು ವರ್ಷದ ಅತ್ತೆಯನ್ನು ಹೊರಸಿನ ಸಮೇತ ಹೊತ್ತುಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅಲ್ಲಿಯ ತೊಲೆಗಳು ಗಟ್ಟಿ ಎಂಬ ನಂಬಿಕೆ. ಕೂಗಿಗೂ ಸಪ್ಪಳಕ್ಕೂ ನಡುವಿನ ಆ ಹೊತ್ತು ಭಾರಿ ಕೆಟ್ಟದ್ದು. ಎಲ್ಲರೂ ಮೇಲಕ್ಕೆ ನೋಡುತ್ತಿದ್ದೆವು. ಮಕ್ಕಳು ಕೂಡ ಅಳುತ್ತಿರಲಿಲ್ಲ. ಹಮೀದಾಬಿ ಒಬ್ಬರೇ ನೆಲ ನೋಡುತ್ತ ಬೆರಳು ಮಡಿಚುತ್ತಿದ್ದರು. ಅವರು ಎಣಿಕೆ ಹೇಳಿದ ಮೇಲೆಯೇ ನಾವು ಉಸಿರು ಬಿಡುತ್ತಿದ್ದೆವು.

ಹೀಗೆ ಹದಿನೈದು ದಿನ ನಡೆಯಿತು. ಓಣಿಯವರು ಪಾತ್ರೆಗಳನ್ನು ಮಾಡದಿಂದ ಇಳಿಸಿ ನೆಲದ ಮೇಲೆ ಇಟ್ಟುಕೊಂಡರು. ಎರಡು ಮನೆಯವರು ಚಿತ್ತಾಪುರದ ನೆಂಟರ ಹತ್ತಿರ ಹೋದರು. ಗುಂಡಿ ಒಂದಾಳಿಗಿಂತ ಆಳವಾಯಿತು.

ಒಂದು ಗುರುವಾರ ನಾಮದೇವ ಕೂಗಿದ. "ಸುರಂಗ ಐತ್ರೀ, ಏಳು!"

ಶಾಲೆಗೆ ರಜೆ ಇತ್ತು, ನಾನೂ ಪಡಸಾಲೆಯಲ್ಲಿದ್ದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ತೊಲೆಯಿಂದ ಮಣ್ಣು ಉದುರಿತು. ಆಗಲೇ ವಾಡಿಯ ಕಡೆಯಿಂದ ಒಂದು ಗೂಡ್ಸ್ ಗಾಡಿ ಬಂದು ಸೀಟಿ ಹಾಕುತ್ತ ಧಡಧಡ ದಾಟತೊಡಗಿತು. ಅದರ ಒಳಗೇ ಮತ್ತೆ ಸಪ್ಪಳಗಳು ಬಂದವು. ಗಾಡಿ ಹೋದ ಮೇಲೆ ಎಲ್ಲರೂ ಹಮೀದಾಬಿಯವರ ಮುಖ ನೋಡಿದರು. ಅವರ ಆರು ಬೆರಳು ಮಡಿಚಿದ್ದವು. ಏಳನೆಯದು ಅರ್ಧ ಬಾಗಿ ನಿಂತಿತ್ತು.

"ಆರು" ಎಂದರು.

ಹೊರಗಿನಿಂದ ನಾಮದೇವನ ಕೂಗು ಬಂತು. "ಆತ್ರೀ, ಏಳೂ ಆದ್ವು!"

ಹಮೀದಾಬಿ ಎದ್ದರು. ಮನೆಗೆ ಹೋಗಿ, ಅರ್ಧ ಹೊಲಿದ ಕೌದಿಯನ್ನು ಹೊತ್ತು ಹೊರಗೆ ಬಂದರು. ಗುಂಡಿಗೆ ಇಳಿಯಲು ಮಣ್ಣಿನ ಇಳಿಜಾರು ಒಂದೇ ಇತ್ತು. ಅಲ್ಲಿ ಅಂಬುಬಾಯಿ, ಸುಂದರಬಾಯಿ ಎಂಬ ಇಬ್ಬರು ಕೂಲಿ ಹೆಂಗಸರು ಬುಟ್ಟಿ ಹಿಡಿದು ಇಳಿಯಲು ನಿಂತಿದ್ದರು. ಅವರ ಹಿಂದೆ ನಾಲ್ವರು ಹಾರೆ ಗುದ್ದಲಿಯವರು. ಹಮೀದಾಬಿ ಇಳಿಜಾರಿನ ಬಾಯಿಗೆ ಅಡ್ಡಲಾಗಿ ಕೌದಿ ಹಾಸಿ, ಅದರ ಅಂಚಿಗೆ ಕುಳಿತು ಸೂಜಿ ತೆಗೆದರು.

"ಇನ್ನ ದಾಟವ್ರು ದಾಟ್ರಿ."

ಸುಂದರಬಾಯಿ ಮುಂದಿಟ್ಟ ಕಾಲನ್ನು ಹಿಂದೆ ತೆಗೆದಳು. ಅವಳು ಆಗ ಏಳು ತಿಂಗಳ ಬಸುರಿ.

ಅಂಬಾರಾಯರು ಛತ್ರಿ ಹಿಡಿದು ಬಂದರು. ವಿಚಾರಣೆಯ ತೀರ್ಪು ಬರುವುದರೊಳಗೆ ಪಾಯ ತುಂಬಿಬಿಡಬೇಕೆಂಬ ಅವಸರ ಅವರಿಗೆ.

"ಯವ್ವಾ ಹಮೀದಾಬಿ, ಏನಿದು? ರೇಲ್ವೇ ಗಾಡಿ ಸಪ್ಪಳದಾಗ ಎಣಿಸಿದೇನು? ಡಬ್ಬಿ ಎಷ್ಟಿದ್ವು ಅದೂ ಹೇಳ್ತೀಯೇನ್ ಮತ್ತ?"

"ಸಾವಕಾರ್ರೆ, ನೀವೇ ಮೊದಲ ಇಳೀರಿ. ಕೌದಿ ಸರಸ್ತೀನಿ."

ಅಂಬಾರಾಯರು ಗುಂಡಿಯ ಕಡೆ ನೋಡಿದರು. ಇಳಿಯಲಿಲ್ಲ. "ಅರ್ಜಿ ನಡೀಲಿಲ್ಲಂತ ಈಗ ಇದೊಂದು ನಾಟಕ ಹೂಡ್ಯಾರ" ಎಂದು ನಾಮದೇವನ ಕಡೆ ತಿರುಗಿದರು. "ಮೇಸ್ತ್ರಿ, ಏಳು ಆದ್ವಿಲ್ಲೋ?"

"ಎರಡು ಕೂಡೇ ಆಗಿರಬೇಕ್ರಿ" ಎಂದ ನಾಮದೇವ. ಅವನ ದನಿ ಮೊದಲಿನಂತಿರಲಿಲ್ಲ.

ಗುರುದೇವಿ ಬಂದು ಕೌದಿಯ ಇನ್ನೊಂದು ಅಂಚಿಗೆ ಕುಳಿತರು. ಆಮೇಲೆ ಹಸೀನಾಬೇಗಂ. ಮುಖ ಮುಚ್ಚಿದವರು, ಮುಚ್ಚದವರು, ಎಲ್ಲರೂ. ಹತ್ತು ಮಾರು ದೂರದಲ್ಲಿ ಬಂಡೆಯ ಬಿರುಕುಗಳಿಂದ ಹೊಗೆ ಇನ್ನೂ ಏಳುತ್ತಿತ್ತು. ಅಲ್ಲಿ ಕೂಡುವುದು ಎಂಥ ಹೆದರಿಕೆಯ ಕೆಲಸವೆಂದು ನನಗೆ ತಿಳಿಯುತ್ತಿತ್ತು. ಹಮೀದಾಬಿಯವರನ್ನು ಹಿಂದಕ್ಕೆ ಕರೆಯಲು ಹತ್ತಿರ ಹೋದೆ.

"ಅಕ್ಕಾರ, ಸ್ವಲ್ಪ ದೂರ ಸರದು ಕುಂದ್ರಿ. ನೀವು ಹೇಳೂದು ಖರೇ ಇದ್ರ ಇಲ್ಲಿ ಕೂಡೂದು..."

ಅವರು ತಲೆ ಎತ್ತದೆ ಹೊಲಿಯುತ್ತಿದ್ದರು. ಒಂದು ಹೊಲಿಗೆಯೂ ನೆಟ್ಟಗೆ ಬಿದ್ದಿರಲಿಲ್ಲ. ತೀರ ಸಣ್ಣ ದನಿಯಲ್ಲಿ ಹೇಳಿದರು. "ಮಾಸ್ತರ, ಆರೋ ಏಳೋ ನನಗ ಖರೇನ ಗೊತ್ತಿಲ್ಲ. ಗಾಡಿ ಬಂತು."

ನಾನು ಅವರ ಕಡೆ ಬಗ್ಗಿದೆ. "ಮತ್ತ ಆರಂತ ಯಾಕ ಹೇಳಿದ್ರಿ?"

ಅವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. ಆಮೇಲೆ ಗುರುದೇವಿಗೂ ನನಗೂ ಮಾತ್ರ ಕೇಳುವಂತೆ ಹೇಳಿದರು.

"ಅವತ್ತ ನಾನು ಖಣಿಗೆ ರೊಟ್ಟಿ ಒಯ್ದಿದ್ದೆ. ಗಿಡದ ಬುಡಕ ಕುಂತು ಎಣಿಸಿದ್ದೆ. ಆರ ಆಗಿದ್ವು. ಗಂಡಸ್ರೆಲ್ಲ ಏಳಂದ್ರು. ಹಸದಿದ್ರು. ಕೆಲಸ ಮುಗಿಸಿ ಉಣ್ಣಬೇಕಂತ ಅವಸರ ಇತ್ತು. ನಮ್ಮವ್ರು ಇಳ್ಯಾಕತ್ತಿದ್ರು. ಇಷ್ಟು ಮಂದಿ ಗಂಡಸ್ರ ಮುಂದ ನಾ ಏನ್ ಹೇಳ್ಲಿ ಅಂತ ಸುಮ್ಮ ಕುಂತೆ. ರೊಟ್ಟಿ ಗಂಟು ಬಿಚ್ಚಾಕತ್ತಿದ್ದೆ ನಾ." ಮತ್ತೆ ಸೂಜಿ ಕೈಗೆತ್ತಿಕೊಂಡು, "ಗೊತ್ತಿಲ್ದಾಗ ಆರು ಅಂತನ ತಿಳೀಬೇಕು ಮಾಸ್ತರ" ಎಂದರು.

ಹದಿನೇಳು ವರ್ಷ ಅವರು ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಗುರುದೇವಿ ಅವರ ಕೈ ಹಿಡಿದುಕೊಂಡರು. ಅರ್ಜಿಯಲ್ಲಿ ಅವರ ಮಾತನ್ನು ನಾನು ಬಿಟ್ಟಿದ್ದನ್ನು ಆಗ ಹೇಳಿದೆ. ಹೇಳದೆ ಅಲ್ಲಿ ನಿಲ್ಲಲು ಆಗಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. "ನೀವು ಬರೀಲಿಲ್ಲ, ನಾ ಹೇಳಲಿಲ್ಲ" ಎಂದಷ್ಟೇ ಅಂದರು.

ನಾಮದೇವ ನಮ್ಮ ಹಿಂದೆಯೇ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಅಂಬಾರಾಯರ ಹತ್ತಿರ ಹೋಗಿ ಹೇಳಿದ. "ಸಾವಕಾರ್ರೆ, ನಾನೂ ಎಣಿಸಿಲ್ರಿ. ಗಾಡಿ ಬಂತು, ಆಗಿರಬೇಕು ಅಂತ ಕೂಗಿಬಿಟ್ಟೆ. ಇವತ್ತ ಯಾರೂ ಇಳ್ಯಾಂಗಿಲ್ಲ."

ಅಂಬಾರಾಯರು ಕೂಗಾಡಿದರು. ನಾಮದೇವ ಹಾರೆಗಳನ್ನು ಒಟ್ಟುಗೂಡಿಸಿ ಅವುಗಳ ಮೇಲೆ ಕುಳಿತುಬಿಟ್ಟ. ಆ ದಿನ ಓಣಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಒರಳಿನಲ್ಲಿ ಖಾರ ಕುಟ್ಟಲಿಲ್ಲ. ಬಾಗಿಲು ಹಾಕುವಾಗಲೂ ಕೈಯಿಂದ ಹಿಡಿದು ಮೆಲ್ಲಗೆ ಹಾಕುತ್ತಿದ್ದರು.

ಮರುದಿನ ಬೆಳಿಗ್ಗೆ ಬಾವಿಯಿಂದ ಗುಂಡಿಯ ಅಂಚಿನ ತನಕ ಓಣಿಯವರು ಸಾಲಾಗಿ ನಿಂತು ಕೊಡ ದಾಟಿಸಿದೆವು. ನಾಮದೇವ ಒಬ್ಬನೇ ಇಳಿದ. ಬೇಕಾದಲ್ಲೆಲ್ಲ ನೀರು ಹೊಯ್ದು, ಹಾರೆ ಮುಟ್ಟದೆ, ಒಡೆದ ಕಲ್ಲುಗಳನ್ನು ಕೈಯಿಂದ ಒಂದೊಂದಾಗಿ ಎತ್ತಿ ಬದಿಗಿಟ್ಟ. ನಾವು ಮೇಲೆ ನಿಂತಿದ್ದೆವು. ಹಮೀದಾಬಿ ಬೆನ್ನು ತಿರುಗಿಸಿ ಬುರುಜಿನ ಕಡೆ ನೋಡುತ್ತಿದ್ದರು. ಮೂಲೆಯ ಒಂದು ಚಪ್ಪಡಿ ಎತ್ತಿದಾಗ ನಾಮದೇವನ ಕೈ ನಿಂತಿತು. ತೂತು ಹಾಗೆಯೇ ಇತ್ತು. ಬತ್ತಿ ಅರ್ಧ ಸುಟ್ಟು ಕಲ್ಲಿನ ಕೆಳಗೆ ಅಮುಕಿಕೊಂಡಿತ್ತು. ನೀರು ಹೊಯ್ದಂತೆ ಒಳಗಿನಿಂದ ಮಸಿಯಂಥ ಕಪ್ಪು ನೀರು ಉಕ್ಕಿ ಬಂತು.

"ಏಳನೇದ್ದು ಇಲ್ಲೈತ್ರಿ" ಎಂದ.

ಎಲ್ಲರೂ ಆ ಮೂಲೆಯ ಕಡೆ ನೋಡಿದೆವು. ಅದು ಸುಂದರಬಾಯಿ ದಿನಾ ಕಲ್ಲು ತುಂಬಲು ಬಗ್ಗುತ್ತಿದ್ದ ಜಾಗ. ಅಂಬಾರಾಯರು ಛತ್ರಿಯನ್ನು ನೆಲಕ್ಕೂರಿ ಅದನ್ನೇ ಹಿಡಿದು ಕೆಳಗೆ ಕುಳಿತರು. ಹಮೀದಾಬಿ ತಿರುಗಿ ನೋಡದೆ ಮನೆಗೆ ನಡೆದರು. ನಾಲ್ಕು ದಿನ ಜ್ವರದಲ್ಲಿ ಮಲಗಿದರು. ಜ್ವರದ ಒಳಗೆ ಬೆರಳು ಮಡಿಚುತ್ತಲೇ ಇದ್ದರು.

ಎರಡನೆಯ ಅರ್ಜಿಯನ್ನು ನಾನು ಅಂದೇ ಬರೆದೆ. ಅದರಲ್ಲಿ ಹಳೆತನ, ಗಾಳಿ ಬೆಳಕು ಏನೂ ಇರಲಿಲ್ಲ. ಕೆಳಗೆ ಬಂಡೆಗಲ್ಲು ಇದೆ, ಮದ್ದು ಹಾಕದ ಹೊರತು ಅದು ಏಳುವುದಿಲ್ಲ, ನಮಗೆ ಅದರ ಹೆದರಿಕೆ ಎಂಬ ಹಮೀದಾಬಿಯವರ ಮಾತು. ಕೆಳಗೆ ಏಳನೆಯ ತೂತಿನ ಸಂಗತಿ ಮತ್ತು ನಾಮದೇವನ ರುಜು. ಮೂರನೆಯ ದಿನ ಅದೇ ಸಾಹೇಬರು ಬಂದು ಗುಂಡಿಗೆ ಇಳಿದು ನೋಡಿದರು. ಮದ್ದು ಬಳಸಕೂಡದೆಂದು ಹುಕುಂ ಆಯಿತು. ಮದ್ದಿಲ್ಲದೆ ಆಳದ ಪಾಯವಿಲ್ಲ. ಆಳದ ಪಾಯವಿಲ್ಲದೆ ನಾಲ್ಕು ಅಂತಸ್ತಿಲ್ಲ. ಅಂಬಾರಾಯರು ಎರಡೇ ಅಂತಸ್ತು ಕಟ್ಟಿಸಿದರು. ಅಂಗಳಗಳು ಕಾಣದಂತೆ ಎರಡನೆಯದರ ಮಾಳಿಗೆಯ ಸುತ್ತ ಆಳೆತ್ತರದ ಗೋಡೆ ಹಾಕಿಸಿದರು. ಅದು ಕೂಡ ಓಣಿಗೆ ಎತ್ತರವೇ. ಅದರ ಹಿಂದಿನ ಎರಡು ಮನೆಗಳಿಗೆ ಈಗ ಮಧ್ಯಾಹ್ನದ ಮೇಲೆ ಬಿಸಿಲು ಬರುವುದಿಲ್ಲ. ದೊಡ್ಡ ರಸ್ತೆಯ ಆಚೆ ಕಳೆದ ವರ್ಷ ಮೂರು ಅಂತಸ್ತಿನದು ಒಂದು ಎದ್ದಿದೆ. ಬುರುಜಿನ ಪಕ್ಕದ ಜಾಗವನ್ನೂ ಯಾರೋ ಅಳೆದು ಹೋದರಂತೆ. ಹೆದರಿಕೆ ಹೋಗಿಲ್ಲ. ಗೋಡೆಯ ಬಿರುಕಿಗೆ ಗಾರೆ ಮೆತ್ತಿದರೂ ಹಮೀದಾಬಿ ಬೆಳಿಗ್ಗೆ ಎದ್ದು ಅದರ ಮೇಲೆ ಕೈಯಾಡಿಸಿ ನೋಡುತ್ತಾರೆ.

ಸುಂದರಬಾಯಿಗೆ ಹೆಣ್ಣು ಹುಟ್ಟಿತು. ಅಂದು ಇಳಿಜಾರಿಗೆ ಹಾಸಿದ್ದ ಕೌದಿಯ ಸೊಟ್ಟ ಹೊಲಿಗೆಗಳನ್ನು ಬಿಚ್ಚದೆ ಹಾಗೆಯೇ ಮುಗಿಸಿ ಹಮೀದಾಬಿ ಆ ಕೂಸಿಗೆ ಕೊಟ್ಟರು.

ಅವರಿಗೀಗ ಅರವತ್ತು ದಾಟಿದೆ. ಬುರುಜಿನ ಓಣಿಯ ಅದೇ ಮನೆಯಲ್ಲಿದ್ದಾರೆ, ಕೌದಿ ಹೊಲಿಯುತ್ತಾರೆ. ಖಣಿಯ ಸುರಂಗ ಹಾರಿದಾಗ ಸೂಜಿ ನಿಲ್ಲಿಸಿ ಎಣಿಸುತ್ತಾರೆ, ಮತ್ತು ಎಣಿಕೆಯನ್ನು ಈಗ ಓಣಿಗೆಲ್ಲ ಕೇಳುವಂತೆ ಜೋರಾಗಿ ಹೇಳುತ್ತಾರೆ.